ಪಿಲ್ಲರ್ ಬುಡದಲ್ಲಿ ತೂತು ಕಂಡರೆ ಸಿಮೆಂಟನ್ನು ಬೈಯಬೇಡಿ

ಮನೆ ಕಟ್ಟಿಸುವವರೇ, ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯಲು ಕಟ್ಟಿದ ಅಚ್ಚು) ಬಿಚ್ಚಿದ ದಿನ ಮೊದಲು ಪಿಲ್ಲರ್‌ನ ಬುಡ ನೋಡಿ. ಜಲ್ಲಿ ಹಲ್ಲು ಕಿರಿದುಕೊಂಡು, ನಡುವೆ ತೂತು ತೂತಾಗಿದ್ದರೆ ಮೇಸ್ತ್ರಿ "ಸಿಮೆಂಟು ಸರಿ ಇಲ್ಲ ಸಾರ್" ಅನ್ನುತ್ತಾರೆ. ಸಂಜೆಯೊಳಗೆ ಸಿಮೆಂಟ್ ಹಾಲು ಬಳಿದು ಮುಚ್ಚಿಬಿಡುತ್ತಾರೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಬಹಳ ಸಲ ತಪ್ಪು ಸಿಮೆಂಟಿನದ್ದಲ್ಲ. ಚೆನ್ನಾಗಿ ಕಲಸಿದ ಕಾಂಕ್ರೀಟಿನಲ್ಲೇ ಸುರಿಯುವಾಗ ಕಲ್ಲು, ಹಾಲು ಬೇರೆ ಬೇರೆಯಾಗಿರುತ್ತದೆ.

ಲಾರಿಯಿಂದ ಜಲ್ಲಿ ಇಳಿಸುವಾಗ ಗಮನಿಸಿ. ದಪ್ಪ, ಸಣ್ಣ ಎಲ್ಲ ಬೆರೆತೇ ಬಂದಿರುತ್ತದೆ. ರಾಶಿ ಬಿದ್ದ ಮೇಲೆ ನೋಡಿದರೆ ದಪ್ಪ ಕಲ್ಲೆಲ್ಲ ಬುಡದ ಸುತ್ತ, ಪುಡಿ ನಡುವೆ. ಕಲ್ಲುಗಳು ರಾಶಿಯ ಮೈಮೇಲೆ ಜಾರುವಾಗ ಅವುಗಳ ನಡುವೆ ಸಂದು ತೆರೆಯುತ್ತ ಮುಚ್ಚುತ್ತ ಇರುತ್ತದೆ. ಸಣ್ಣದು ಆ ಸಂದಿಗೆ ಇಳಿಯುತ್ತದೆ, ದಪ್ಪದ್ದು ಇಳಿಯಲಾರದು. ಸಣ್ಣವು ಕೆಳಗೆ ಸೇರಿದಷ್ಟೂ ದಪ್ಪವು ಮೇಲೆ ಬರುತ್ತವೆ. ಜಾರುವ ಪದರದಲ್ಲಿ ವೇಗ ಜಾಸ್ತಿ ಇರುವುದೂ ಮೇಲೆಯೇ. ಹಾಗಾಗಿ ದಪ್ಪವು ಉರುಳಿ ಬುಡ ಮುಟ್ಟುತ್ತವೆ, ಸಣ್ಣವು ಅರ್ಧದಾರಿಯಲ್ಲೇ ನಿಲ್ಲುತ್ತವೆ. ಗುಡ್ಡ ಕುಸಿದಾಗ ಬಂಡೆಗಳು ಕೆಸರಿನ ಮುಂದೆ ಮುಂದೆ ನುಗ್ಗಿ ಬರುವುದರಲ್ಲೂ ಇದರ ಪಾಲಿದೆ.

ಈಗ ಒಬ್ಬರು ರಾಶಿಯ ಒಂದೇ ಬದಿಯಿಂದ ಬಾಂಡ್ಲಿ ತುಂಬಿದರೆ? ಬೆಳಗ್ಗೆ ಬರೀ ದಪ್ಪ, ಮಧ್ಯಾಹ್ನ ಬರೀ ಪುಡಿ. ಬಾಂಡ್ಲಿ ಲೆಕ್ಕ ಸರಿಯಾಗೇ ಇರುತ್ತದೆ, ಕಾಂಕ್ರೀಟ್ ಮಾತ್ರ ಒಂದೊಂದು ಸಲ ಒಂದೊಂದು ಥರ.

ನೀರು ಬಿದ್ದ ಮೇಲೆ ಕಥೆ ತಿರುಗುತ್ತದೆ. ಒಣ ಜಲ್ಲಿ ಜಾರುವಾಗ ದಪ್ಪದ್ದು ಮೇಲೆ ಬಂತು ಅಲ್ವಾ, ತೆಳ್ಳಗಿನ ಕಾಂಕ್ರೀಟಿನಲ್ಲಿ ಅದು ಮುಳುಗುತ್ತದೆ. ಸಿಮೆಂಟ್ ಹಾಲಿಗಿಂತ ಕಲ್ಲು ಭಾರ. "ಸರಾಗ ಹರಿಯಲಿ" ಅಂತ ಸುಮ್ನೆ ನೀರು ಸೇರಿಸಿದಷ್ಟೂ, ವೈಬ್ರೇಟರನ್ನು (ಕಾಂಕ್ರೀಟ್ ಅಲುಗಾಡಿಸಿ ಕೂರಿಸುವ ಯಂತ್ರ) ಒಂದೇ ಕಡೆ ಜಾಸ್ತಿ ಹೊತ್ತು ಇಟ್ಟಷ್ಟೂ ಕಲ್ಲು ಕೆಳಗೆ, ಹಾಲು ಮೇಲೆ. ಎತ್ತರದಿಂದ ಸುರಿದರಂತೂ ಹಾಲು ದಾರಿಯಲ್ಲಿ ಕಂಬಿಗೆ ಅಂಟಿಕೊಳ್ಳುತ್ತದೆ, ಜಲ್ಲಿ ಕಂಬಿಗೆ ಬಡಿದು ಸಿಡಿದು ಬುಡ ಸೇರುತ್ತದೆ. ಆ ತೂತುಗಳಿಂದ ನೀರು ಹೋಗಿ ಒಳಗಿನ ಕಂಬಿ ತುಕ್ಕು ಹಿಡಿಯುತ್ತದೆ. ಇಡೀ ಮನೆಯ ಭಾರ ಹೊರುವ ಜಾಗ ಅದು!

ಕಾಂಕ್ರೀಟನ್ನು 1.5 ಮೀಟರ್‌ಗಿಂತ ಎತ್ತರದಿಂದ ಬೀಳಿಸಬಾರದು ಅಂತ ಕಾಂಕ್ರೀಟ್ ಕೆಲಸಕ್ಕಿರುವ ನಮ್ಮ ದೇಶದ ಮಾನದಂಡ ಐಎಸ್ 456 ಹೇಳುತ್ತದೆ. ಹತ್ತಡಿ ಪಿಲ್ಲರ್ ಅಂದರೆ ಅದರ ಎರಡರಷ್ಟು. ಆದರೂ ಮೇಲಿಂದ ಬಾಂಡ್ಲಿ ಬಾಂಡ್ಲಿ ಸುರಿಯುವುದು ನಮ್ಮಲ್ಲಿ ಮಾಮೂಲಿ. ಇದನ್ನು ನಾವು ಒಪ್ಪಬಾರದು. ಎರಡು ಹಂತದಲ್ಲಿ ತುಂಬಿಸಿ, ಇಲ್ಲವೇ ಪೈಪ್ ಇಳಿಬಿಟ್ಟು ಸುರಿಸಿ. ಕೂಲಿ ಸ್ವಲ್ಪ ಹೆಚ್ಚಾಗುತ್ತದೆ, ಅದನ್ನು ಕೊಡಲೇಬೇಕು. ಮೇಸ್ತ್ರಿಯ ಹತ್ತಿರ ರೇಟು ಮಾತಾಡುವ ದಿನವೇ ಇದನ್ನೂ ಮಾತಾಡಿಕೊಳ್ಳಿ.