ಅಂಗೈಗೆ ಅಂಟಿದ ಸುಖ

ದುಬಾರಿ ವೈರ್‌ಲೆಸ್ ಮೌಸ್‌ಗಳಲ್ಲಿ ಎಲ್ಲಕ್ಕಿಂತ ಮೊದಲು ಕೈಕೊಡುವುದು ನಾವು ಹೆಚ್ಚು ಹಣ ತೆತ್ತು ಕೊಂಡ ಸುಖವೇ ಎಂಬುದು ನನ್ನ ಖಚಿತ ಅಭಿಪ್ರಾಯ. ಆರುನೂರು ರೂಪಾಯಿಯ ಮೌಸ್‌ನಲ್ಲಿ ಹಾಳಾಗುವುದಕ್ಕೆ ಸುಖವೆಂಬುದೇ ಇರುವುದಿಲ್ಲವಾದ್ದರಿಂದ ಅದು ಬ್ಯಾಂಕಿನ ಕೌಂಟರಿನಲ್ಲಿಯೂ ಜೆರಾಕ್ಸ್ ಅಂಗಡಿಯಲ್ಲಿಯೂ ವರ್ಷಗಟ್ಟಲೆ ಗಟ್ಟಿಮುಟ್ಟಾಗಿ ಬಾಳುತ್ತದೆ. ಹತ್ತು ಸಾವಿರದ ಆಸುಪಾಸಿನ ಮೌಸ್‌ಗಾದರೋ ಮೈತುಂಬ ಮೃದುವಾದ ರಬ್ಬರಿನ ಲೇಪ, ಹೆಬ್ಬೆರಳು ಒರಗಿಕೊಳ್ಳಲು ಒಂದು ತಗ್ಗು, ಒಮ್ಮೆ ತಿರುಗಿಸಿಬಿಟ್ಟರೆ ತಾನೇ ಓಡುತ್ತ ನೂರಾರು ಸಾಲುಗಳನ್ನು ದಾಟಿಸುವ ಚಕ್ರ. ಅಂಗಡಿಯಲ್ಲಿ ಅದರ ಮೇಲೆ ಕೈಯಿಟ್ಟವನಿಗೆ ಬೆಲೆಯ ಚೀಟಿ ಕಾಣಿಸದಂತಾಗುವುದು ಸಹಜ.

ನಾನಿರುವುದು ಮಂಗಳೂರಿನಲ್ಲಿ. ಇಲ್ಲಿಯ ಆಟಿ ತಿಂಗಳ ಮಳೆಗೆ ಡಬ್ಬಿಯೊಳಗಿನ ಉಪ್ಪು ನೀರಾಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಕಪಾಟಿನೊಳಗಿನ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ಅಂಥದೊಂದು ಬೆಳಿಗ್ಗೆ ಕಾಫಿ ಲೋಟಕ್ಕೆಂದು ಕೈ ಎತ್ತಿದಾಗ ಮೌಸ್ ಕೂಡ ಅಂಗೈಯ ಜೊತೆಗೇ ಎದ್ದು ಬಂತು. ಮೃದು ಲೇಪವೆಂದು ಕರೆಸಿಕೊಳ್ಳುವ ಈ ಪದಾರ್ಥ ಹೆಚ್ಚಾಗಿ ಪಾಲಿಯುರೆಥೇನ್ ಜಾತಿಯದು. ಗಾಳಿಯ ತೇವಾಂಶವು ಅದರ ಅಣುಗಳ ಉದ್ದನೆಯ ಸರಪಣಿಗಳನ್ನು ನಿಧಾನವಾಗಿ ತುಂಡರಿಸುತ್ತದೆ, ಅಂಗೈಯ ಬೆವರು ಮತ್ತು ಜಿಡ್ಡು ಆ ಕೆಲಸಕ್ಕೆ ನೆರವಾಗುತ್ತವೆ. ಬಳಸದೆ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೂ ಅದು ಅಂಟಾಗುವುದುಂಟು ಎನ್ನುವುದು ಮಿತವ್ಯಯಿಗಳಿಗೆ ವಿಶೇಷವಾಗಿ ನೋವು ಕೊಡುವ ಸಂಗತಿ.

ನನ್ನ ಅಮ್ಮ ಮೌಸನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿ, “ಇದೆಂತದು, ಹಲಸಿನ ಮೇಣದ ಹಾಗೆ! ಸ್ವಲ್ಪ ತೆಂಗಿನೆಣ್ಣೆ ಹಚ್ಚು, ಹೋಗ್ತದೆ” ಎಂದರು. ಜಿಡ್ಡೇ ಈ ರೋಗಕ್ಕೆ ಒಂದು ಕಾರಣವೆಂದು ನಾನು ವಿವರಿಸುತ್ತಿದ್ದಂತೆ ಅವರು ಎಣ್ಣೆ ಹಚ್ಚಿ ಮುಗಿಸಿಯೂ ಆಗಿತ್ತು. ಹಲಸಿನ ಮೇಣ ಎಣ್ಣೆಗೆ ಬಿಡುತ್ತದೆ, ಮೌಸ್‌ನ ಮೇಣ ಎಣ್ಣೆಯನ್ನು ಕುಡಿದು ಇನ್ನಷ್ಟು ಹುರುಪಾಗುತ್ತದೆ. ಕೊನೆಗೆ ಹಳೆಯ ಬನಿಯನ್ನಿನ ತುಂಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಉಗುರಿನ ಸಂದಿಗಳೆಲ್ಲ ಕಪ್ಪಾಗುವವರೆಗೆ ತಿಕ್ಕಿದಾಗ ಲೇಪವೆಲ್ಲ ಎದ್ದುಹೋಗಿ ಕೆಳಗಿನಿಂದ ಹೊರಬಂದದ್ದು ಆರುನೂರು ರೂಪಾಯಿಯ ಮೌಸ್‌ನಲ್ಲಿರುವಂಥ ಗಟ್ಟಿ ಪ್ಲಾಸ್ಟಿಕ್ಕೇ. ಡಗ್ಲಸ್ ಎಂಗೆಲ್‌ಬಾರ್ಟ್ ಅವರ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ 1964ರ ಸುಮಾರಿಗೆ ತಯಾರಿಸಿದ ಮೊದಲ ಮೌಸ್ ಮರದ್ದಾಗಿತ್ತು. ಆ ಸಂಪ್ರದಾಯ ಮುಂದುವರಿದಿದ್ದರೆ ಕರಾವಳಿಯ ಆಚಾರಿಗಳು ಹಲಸಿನ ಮರದಲ್ಲಿಯೇ ಮೂರು ತಲೆಮಾರಿಗಾಗುವ ಮೌಸ್ ಕೆತ್ತಿಕೊಡುತ್ತಿದ್ದರು.

ಹೊರಮೈಯ ಕಥೆ ಹೀಗಾದರೆ, ಒಳಗಿನ ಸ್ವಿಚ್ಚಿನದು ಮಾನ ತೆಗೆಯುವ ಬಗೆ. ಎಡಗುಂಡಿಯ ಕೆಳಗೆ ಲೋಹದ ತೆಳುವಾದ ಎಲೆಯಂಥ ಸ್ಪ್ರಿಂಗ್ ಒಂದಿದ್ದು, ಒತ್ತಿದಾಗ ಅದು ಕೆಳಗಿನ ಬಿಂದುವಿಗೆ ತಾಗುತ್ತದೆ. ತಾಗುವಾಗ ಕ್ಷಣಾರ್ಧದಲ್ಲಿ ಕೆಲವು ಸಲ ಪುಟಿಯುತ್ತದೆ, ಆ ಪುಟಿತವನ್ನು ಲೆಕ್ಕಿಸದಿರುವಂತೆ ಮೌಸ್‌ನೊಳಗಿನ ಎಲೆಕ್ಟ್ರಾನಿಕ್ ಚಿಪ್‌ಗೆ ಮೊದಲೇ ಹೇಳಿಕೊಟ್ಟಿರುತ್ತಾರೆ. ಸ್ಪ್ರಿಂಗ್ ಸಡಿಲಾಗಿಯೋ ತಾಗುವ ಜಾಗಕ್ಕೆ ಕಿಲುಬು ಹಿಡಿದೋ ಪುಟಿತ ದೀರ್ಘವಾದರೆ ಒಂದು ಕ್ಲಿಕ್ಕು ಎರಡಾಗುತ್ತದೆ. ಇಂಥ ಸ್ವಿಚ್ಚುಗಳು 2 ಕೋಟಿ ಒತ್ತಿಗೆ ಬಾಳುತ್ತವೆಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ದಿನಕ್ಕೆ 5,000 ಸಲ ಒತ್ತಿದರೂ ಅದು ಹತ್ತು ವರ್ಷ ದಾಟಬೇಕು. ಆದರೆ ಆ ಲೆಕ್ಕ ಮಾಡಿದ ಯಂತ್ರಕ್ಕೆ ಅರಬ್ಬಿ ಸಮುದ್ರದ ಉಪ್ಪುಗಾಳಿ ತಗಲಿರುವುದಿಲ್ಲ.

ಎರಡು ಕ್ಲಿಕ್ಕಿನ ಸಣ್ಣಪುಟ್ಟ ಅವಾಂತರಗಳನ್ನು ಬಿಡೋಣ. ಒಂದು ಕಿಟಕಿ ಮುಚ್ಚಲು ಹೋದರೆ ಅದರ ಹಿಂದಿನದೂ ಮುಚ್ಚುತ್ತದೆ, ಎಳೆಯುತ್ತಿದ್ದ ಕಡತ ದಾರಿಮಧ್ಯದಲ್ಲಿ ಯಾವುದೋ ಫೋಲ್ಡರಿಗೆ ಬೀಳುತ್ತದೆ. ನಿಜವಾದ ಅಪಾಯವಿರುವುದು ವಿಡಿಯೊ ಮೀಟಿಂಗಿನ ಮ್ಯೂಟ್ ಗುಂಡಿಯಲ್ಲಿ, ಏಕೆಂದರೆ ಅದನ್ನು ಎರಡು ಸಲ ಒತ್ತಿದರೆ ಒತ್ತಿಯೇ ಇಲ್ಲವೆಂದು ಅರ್ಥ. ಮೈಕು ಮುಚ್ಚಿದೆಯೆಂಬ ಪೂರ್ಣ ವಿಶ್ವಾಸದಲ್ಲಿ ನಾನು ಕುಳಿತಿದ್ದಾಗ, ನಮ್ಮ ಮೇಲಧಿಕಾರಿಗಳು ಮುಂದಿನ ತ್ರೈಮಾಸಿಕದ ಗುರಿಗಳನ್ನು ಎರಡನೆಯ ಸಲ ವಿವರಿಸುತ್ತಿದ್ದಾಗ, ಅಡುಗೆಮನೆಯಿಂದ ಕುಕ್ಕರಿನ ಸೀಟಿಯೂ ಅದರ ಬೆನ್ನಿಗೇ ಅಮ್ಮನ ದನಿಯೂ ಬಂದವು: “ಆ ಜನಕ್ಕೆ ಊಟ ತಿಂಡಿ ಎಂತ ಇಲ್ವಾ? ಆಗದಿಂದ ಹೇಳಿದ್ದನ್ನೇ ಹೇಳ್ತಾ ಇದ್ದಾನಲ್ಲ ಮಾರಾಯ!” ಮೀಟಿಂಗು ಐದು ನಿಮಿಷ ಮೊದಲೇ ಮುಗಿಯಿತು. ಸಹೋದ್ಯೋಗಿಗಳು ಈಗಲೂ ಅಮ್ಮನ ಆರೋಗ್ಯವನ್ನು ಬಹಳ ಅಕ್ಕರೆಯಿಂದ ವಿಚಾರಿಸುತ್ತಾರೆ.

ಮಣಿಕಟ್ಟಿನ ನೋವಿಗೆ ಇಂಥ ಮೌಸ್ ಮದ್ದೆಂದು ನಂಬಿದವರಿಗೆ ಇನ್ನೊಂದು ಮಾತು ಹೇಳಬೇಕು. ಊಟದ ಮೇಜಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಮೊಣಕೈಯನ್ನು ಗಾಳಿಯಲ್ಲಿ ತೂಗುಬಿಟ್ಟು ಕೆಲಸ ಮಾಡುವವನಿಗೆ ಚಿನ್ನದ ಮೌಸ್ ಕೊಟ್ಟರೂ ಕೈ ನೋಯುತ್ತದೆಂದು ಫಿಸಿಯೋಥೆರಪಿಯವರು ನನಗೆ ಸ್ಪಷ್ಟವಾಗಿ ಹೇಳಿದರು. ಅದಲ್ಲದೆ ಈ ಸುಖ ಹೆಚ್ಚಾಗಿ ಬಲಗೈಯವರಿಗೇ ಮೀಸಲು. ನನ್ನ ಹೆಂಡತಿ ಎಡಗೈಯವಳು. ಹೆಬ್ಬೆರಳ ತಗ್ಗಿಗೆ ಕಿರುಬೆರಳಿಟ್ಟು ಒಂದು ಗಂಟೆ ಹೆಣಗಾಡಿ, “ಇಷ್ಟು ದುಡ್ಡು ಕೊಟ್ಟು ಅರ್ಧ ಮನೆಗೆ ಆಗುವ ವಸ್ತು ತಂದ್ರಲ್ಲ” ಎಂದು ಅದನ್ನು ಹಿಂತಿರುಗಿಸಿದಳು.

ವಾರಂಟಿಯ ಬಗ್ಗೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ಅಂಟುವಿಕೆ ಕೇವಲ ಅಂದಕ್ಕೆ ಸಂಬಂಧಿಸಿದ ದೋಷವೆಂದು ಉತ್ತರ ಬಂತು. ಸ್ವಿಚ್ಚಿಗೆ ಬಿಲ್ಲು ಕೇಳಿದರು, ಥರ್ಮಲ್ ಕಾಗದದ ಮೇಲಿನ ಆ ಬಿಲ್ಲು ಅಷ್ಟರಲ್ಲಿ ಅಚ್ಚ ಬಿಳಿಯಾಗಿತ್ತು.

ಹಂಪನಕಟ್ಟೆಯ ಬಳಿಯ ರಿಪೇರಿಯವನು ಮಾತ್ರ ನಗದೆ ಕೆಲಸಕ್ಕೆ ಕುಳಿತ. ಇಂಥ ಮೌಸ್‌ಗಳ ಸ್ಕ್ರೂಗಳು ಹೊರಗೆ ಕಾಣುವುದಿಲ್ಲ, ಅಡಿಯಲ್ಲಿ ಜಾರುವುದಕ್ಕೆಂದು ಅಂಟಿಸಿರುವ ನುಣುಪಾದ ಪಾದಗಳ ಕೆಳಗೆ ಅಡಗಿರುತ್ತವೆ. ಒಳಗಿನದನ್ನು ಸರಿಪಡಿಸಬೇಕಾದರೆ ಪಾದ ಕೀಳಲೇಬೇಕು, ಕಿತ್ತ ಪಾದ ಮೊದಲಿನಂತೆ ಕೂರುವುದಿಲ್ಲ. ಅವನು ಕಾದ ಕಬ್ಬಿಣದಿಂದ ಹಳೆಯ ಸ್ವಿಚ್ಚನ್ನು ಬಿಡಿಸಿ ಹೊಸದನ್ನು ಬೆಸೆದ; ಕ್ಲಿಕ್ಕು ಮತ್ತೆ ಒಂದಾಯಿತು. ಮೇಜಿನ ಮೇಲಿಟ್ಟು ನೋಡಿದರೆ ಮೌಸ್ ಒಂದು ಕಡೆ ವಾಲುತ್ತಿತ್ತು.

“ಹೊಸ ಪಾದ ಆನ್‌ಲೈನಲ್ಲಿ ಸಿಗ್ತದೆ ಸಾರ್,” ಎಂದ ಅವನು. “ಕ್ರಯ ಸ್ವಲ್ಪ ಜಾಸ್ತಿ. ಆ ದುಡ್ಡಿಗೆ ಒಂದು ಸಾಧಾರಣ ಮೌಸೇ ಬರ್ತದೆ.”

ಪಾದಗಳನ್ನೇ ತರಿಸಿದ್ದೇನೆ.