ಸತ್ಯಾಂಶ: ಆ ಕಪ್ಪು ಆಕಾಶಕ್ಕೂ ಫಿಲ್ಟರ್ ಇತ್ತು

‘ಆಗ ಫಿಲ್ಟರ್ ಇಲ್ಲ, ಎಡಿಟಿಂಗ್ ಇಲ್ಲ, ಕಂಡದ್ದೇ ಫೋಟೊ’ ಅಂತ ಅಮೆರಿಕದ ಫೋಟೊಗ್ರಾಫರ್ ಆನ್ಸೆಲ್ ಆಡಮ್ಸ್ ಅವರ ಕಪ್ಪು-ಬಿಳುಪು ಬೆಟ್ಟದ ಚಿತ್ರಗಳ ಜೊತೆ ಒಂದು ಮೆಸೇಜ್ ಓಡಾಡುತ್ತದೆ. ಅದು ನಿಜವಲ್ಲ.

1927ರ ಏಪ್ರಿಲ್. ಕ್ಯಾಲಿಫೋರ್ನಿಯಾದ ಯೋಸೆಮಿಟಿಯಲ್ಲಿ ಹಾಫ್ ಡೋಮ್ ಬಂಡೆಯ ಎದುರು ನಿಂತು, ಹಳದಿ ಫಿಲ್ಟರ್ ಹಾಕಿ ಒಂದು ಚಿತ್ರ ತೆಗೆದರು. ಆಕಾಶ ಸಪ್ಪೆಯಾಗಿ ಬರುತ್ತದೆ ಅನ್ನಿಸಿತು. ಚಿತ್ರ ಮೂಡುವ ಗಾಜಿನ ಪ್ಲೇಟು ಉಳಿದಿದ್ದು ಒಂದೇ! ಲೆನ್ಸಿಗೆ ಕಡುಗೆಂಪು ಫಿಲ್ಟರ್ ಹಾಕಿದರು. ಕೆಂಪು ಗಾಜು ನೀಲಿ ಬೆಳಕನ್ನು ತಡೆಯುತ್ತದೆ. ಹಾಗಾಗಿ ಪ್ರಿಂಟಿನಲ್ಲಿ ಆಕಾಶ ಹೆಚ್ಚುಕಮ್ಮಿ ಕಪ್ಪಾಯಿತು, ಬಂಡೆ ಎದ್ದು ಕಂಡಿತು. ಹಾಡಹಗಲಲ್ಲಿ ಕಪ್ಪು ಆಕಾಶ ಯಾರ ಕಣ್ಣಿಗೂ ಕಾಣಲ್ಲ, ಅಲ್ವಾ?

ಎಡಿಟಿಂಗ್ ಕೂಡ ಇತ್ತು, ಡಾರ್ಕ್‌ರೂಮಿನಲ್ಲಿ, ಅಂದರೆ ನೆಗೆಟಿವ್‌ನಿಂದ ಪ್ರಿಂಟ್ ಹಾಕುವ ಕತ್ತಲೆ ಕೋಣೆಯಲ್ಲಿ. 1941ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದ ಹೆರ್ನಾಂಡೆಜ್ ಹಳ್ಳಿಯ ಮೇಲಿನ ಚಂದ್ರನನ್ನು ತೆಗೆದ ನೆಗೆಟಿವ್‌ನಿಂದ ದಶಕಗಳ ಕಾಲ ಪ್ರಿಂಟ್ ಹಾಕಿದರು. ಮೊದಮೊದಲ ಪ್ರಿಂಟುಗಳಲ್ಲಿ ಮೋಡ ಜಾಸ್ತಿ ಕಾಣುತ್ತದೆ. ಆಮೇಲಿನವುಗಳಲ್ಲಿ ಆಕಾಶ ಕಾಡಿಗೆ ಕಪ್ಪು. ನೆಗೆಟಿವ್ ಅದೇ, ಕಪ್ಪಾಗಿಸಿದ್ದು ಪ್ರಿಂಟ್ ಹಾಕುವಾಗ.