ಗಡಿಯಾರಕ್ಕೆ ನೇತಾಡಿದ ಹೆರಾಲ್ಡ್ ಲಾಯ್ಡ್: ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ

ಅಮೆರಿಕದ ಮೂಕಿ ಚಿತ್ರಗಳ ಹಾಸ್ಯನಟ ಹೆರಾಲ್ಡ್ ಲಾಯ್ಡ್ ಎತ್ತರದ ಕಟ್ಟಡದ ಗಡಿಯಾರದ ಮುಳ್ಳು ಹಿಡಿದು ನೇತಾಡುವ ವಿಡಿಯೊ ಮತ್ತೆ ಓಡಾಡುತ್ತಿದೆ. ‘ಸೆಟ್ ಇಲ್ಲ, ಡ್ಯೂಪ್ ಇಲ್ಲ, ಕೆಳಗೆ ನೇರ ರಸ್ತೆ’ ಅಂತ ಜೊತೆಗೊಂದು ಒಕ್ಕಣೆ. ಇದು ಸರಿಯಲ್ಲ.

ಅದು 1923ರ ಮೂಕಿ ಚಿತ್ರ ‘ಸೇಫ್ಟಿ ಲಾಸ್ಟ್’ನ ದೃಶ್ಯ. ಗಡಿಯಾರವಿದ್ದ ಗೋಡೆ ಸೆಟ್ಟೇ. ಆದರೆ ಸ್ಟುಡಿಯೊದೊಳಗೆ ಹಾಕಿದ್ದಲ್ಲ. ಲಾಸ್ ಏಂಜಲೀಸ್‌ನ ನಿಜವಾದ ಕಟ್ಟಡಗಳ ತಾರಸಿ ಮೇಲೆ, ಅಂಚಿನ ಹತ್ತಿರ ಕಟ್ಟಿದ್ದರು. ಕ್ಯಾಮೆರಾ ಇಟ್ಟ ಕೋನ ಹೇಗಿತ್ತೆಂದರೆ, ತಾರಸಿ ಮರೆಯಾಗಿ ದೂರದ ರಸ್ತೆಯ ಕಾರು, ಟ್ರಾಮ್ ಮಾತ್ರ ಕಾಣುತ್ತವೆ. ಲಾಯ್ಡ್ ಕೆಳಗೆ ಹಾಸಿಗೆ ಹಾಸಿದ ಅಟ್ಟಣೆ ಇತ್ತು.

ದೂರದಿಂದ ತೆಗೆದ ಶಾಟ್‌ಗಳಲ್ಲಿ ಗೋಡೆ ಹತ್ತುವವರು ಬಿಲ್ ಸ್ಟ್ರೋದರ್. ಕಟ್ಟಡ ಹತ್ತುವುದೇ ಅವರ ಕಸುಬು. ಚಿತ್ರದಲ್ಲಿ ನಾಯಕನ ಗೆಳೆಯನ ಪಾತ್ರವೂ ಅವರದೇ.

ಹಾಗಂತ ‘ಎಲ್ಲ ಬರೀ ಕ್ಯಾಮೆರಾ ಟ್ರಿಕ್’ ಅಂದುಬಿಟ್ಟರೆ ಅದೂ ಅನ್ಯಾಯ ಅಲ್ವಾ? ಹತ್ತಿರದ ಶಾಟ್‌ಗಳಲ್ಲಿ ಮುಳ್ಳು ಹಿಡಿದಿರುವುದು ಸಾಕ್ಷಾತ್ ಲಾಯ್ಡ್ ಅವರೇ. ಅದೂ ಎಂಥ ಕೈಯಲ್ಲಿ! 1919ರಲ್ಲಿ ಫೋಟೊ ತೆಗೆಸುವಾಗ, ಡಮ್ಮಿ ಅಂದುಕೊಂಡಿದ್ದ ಬಾಂಬ್ ಸಿಡಿದು ಅವರ ಬಲಗೈ ಹೆಬ್ಬೆರಳು, ತೋರುಬೆರಳು ಹೋಗಿದ್ದವು. ತೆರೆಯ ಮೇಲೆ ಕಾಣುವ ಆ ಎರಡು ಬೆರಳು ಗ್ಲೌಸ್‌ನಲ್ಲಿ ಕೂರಿಸಿದ ಕೃತಕ ಬೆರಳುಗಳು.